ಸೈ ಯಂಗ್ ಮತಗಳನ್ನು ನಾನೇ ಎಣಿಸಿದಾಗ

2016ರ ನವೆಂಬರ್. ಅಮೆರಿಕದ ಬೇಸ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವರಿಗೆ, ಕೊಡುವುದು ಸೈ ಯಂಗ್ ಪ್ರಶಸ್ತಿ. ಅಮೆರಿಕನ್ ಮತ್ತು ನ್ಯಾಷನಲ್ ಎಂಬ ಎರಡು ಲೀಗ್‌ಗಳಿಗೂ ಬೇರೆ ಬೇರೆ. ಅಮೆರಿಕನ್ ಲೀಗ್‌ನ ಮತಪತ್ರಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿಕೊಂಡು ಕೂತಿದ್ದೆ. ಮೂವತ್ತು ಸಾಲು, ಒಂದೊಂದರಲ್ಲಿ ಐದು ಹೆಸರು. ಡೆಟ್ರಾಯಿಟ್‌ನ ಜಸ್ಟಿನ್ ವರ್ಲ್ಯಾಂಡರ್ ಹೆಸರು ಎಷ್ಟು ಸಲ ಬಂದಿದೆ ಅಂತ ನೋಡಿದರೆ 28. ಎರಡು ಸಾಲು ಬಿಟ್ಟೆನೇನೋ ಅಂದುಕೊಂಡು ಮತ್ತೆ ಮೊದಲಿಂದ ಎಣಿಸಿದೆ. ಬಿಟ್ಟಿರಲಿಲ್ಲ. ಮತ ಹಾಕಿದ ಇಬ್ಬರು ಅವರ ಹೆಸರನ್ನೇ ಬರೆದಿರಲಿಲ್ಲ.

ನಾನಿರುವುದು ಸಿಯಾಟಲ್‌ನಲ್ಲಿ. ಬೇಸ್‌ಬಾಲ್ ಹಚ್ಚಿಕೊಂಡಿದ್ದು ಫೆಲಿಕ್ಸ್ ಹರ್ನಾಂಡೆಜ್ ಅವರನ್ನು ನೋಡಿ. 2010ರಲ್ಲಿ ನಮ್ಮ ಮರೀನರ್ಸ್ ತಂಡ 101 ಪಂದ್ಯ ಸೋತಿತ್ತು. ಫೆಲಿಕ್ಸ್ ಅವರ ಲೆಕ್ಕದಲ್ಲಿ 13 ಗೆಲುವು, 12 ಸೋಲು. ಆದರೆ ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಅವರು ಕೊಟ್ಟ ರನ್ (ಇದನ್ನೇ ಇಆರ್‌ಎ ಅನ್ನುತ್ತಾರೆ) 2.27 ಮಾತ್ರ. ಆ ವರ್ಷದ ಪ್ರಶಸ್ತಿ ಅವರಿಗೇ ಬಂತು. 21 ಗೆಲುವಿನ ಸಬಾತಿಯಾ ಅವರನ್ನು ಬಿಟ್ಟು 13 ಗೆಲುವಿನವರಿಗೆ ಮತ ಹಾಕಿದರಲ್ಲ, ನನಗೆ ಅದು ತುಂಬಾ ದೊಡ್ಡ ವಿಷಯ ಅನ್ನಿಸಿತ್ತು.

ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ, ಸೋಲನ್ನೂ ಹಾಗೇ. ಇದನ್ನು ಊರಿನ ಗೆಳೆಯರಿಗೆ ಹೇಳುವಾಗ ನಾನು ನಮ್ಮ ಶ್ರೀನಾಥ್ ಅವರನ್ನೇ ಹಿಡಿಯುತ್ತೇನೆ. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ 13 ವಿಕೆಟ್ ತೆಗೆದರು, ಭಾರತ 46 ರನ್‌ಗಳಿಂದ ಸೋತಿತು. ಬೇಸ್‌ಬಾಲ್ ಪದ್ಧತಿಯಲ್ಲಾದರೆ ಆ ಸೋಲು ಅವರ ಹೆಸರಿನ ಮುಂದೆ ಕೂರುತ್ತಿತ್ತು. ಅದನ್ನು ನೋಡಿ ಬೌಲರನ್ನು ಅಳೆಯೋಕಾಗುತ್ತಾ?

ಹಾಗಾಗಿ ಒಂದು ಅಭ್ಯಾಸ ಮಾಡಿಕೊಂಡೆ. ಪಿಚರ್‌ಗಳ ಅಂಕಿಅಂಶದ ಹಾಳೆಯಲ್ಲಿ ಹೆಸರು ಮತ್ತು ಗೆಲುವಿನ ಕಾಲಂ ಎರಡನ್ನೂ ಮರೆಮಾಡುವುದು. ಇನಿಂಗ್ಸ್, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಕೊಟ್ಟ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್), ಕೊಟ್ಟ ರನ್ ಇಷ್ಟೇ ನೋಡಿ ಐದು ಸಾಲು ಆರಿಸುವುದು. ಆಮೇಲೆ ಹೆಸರು ತೆರೆಯುವುದು. ಹಳೆಯ ವರ್ಷಗಳ ಮೇಲೂ ಇದನ್ನು ಮಾಡಿದೆ. 2005ರ ಅಮೆರಿಕನ್ ಲೀಗ್‌ನಲ್ಲಿ ನನಗೆ ಮೊದಲು ಬಂದವರು ಯೋಹಾನ್ ಸಂಟಾನ: ಇಆರ್‌ಎ 2.87, ಸ್ಟ್ರೈಕ್‌ಔಟ್ 238. ನಿಜದಲ್ಲಿ ಗೆದ್ದವರು 3.48ರ ಬಾರ್ಟೋಲೊ ಕೊಲೋನ್, 157 ಸ್ಟ್ರೈಕ್‌ಔಟ್. ಎಸೆದ ಇನಿಂಗ್ಸ್ ಕೂಡ ಸಂಟಾನ ಅವರದೇ ಜಾಸ್ತಿ. ಕೊಲೋನ್ ಬಳಿ ಇದ್ದದ್ದು 21 ಗೆಲುವು. 28 ಜನರಲ್ಲಿ 17 ಜನ ಅವರಿಗೆ ಮೊದಲ ಸ್ಥಾನ ಕೊಟ್ಟರು, ಸಂಟಾನ ಅವರಿಗೆ ಬರೀ ಮೂವರು.

ಮತ ಹಾಕುವವರು ಬೇಸ್‌ಬಾಲ್ ಪತ್ರಕರ್ತರು. ಈಗ ಒಂದೊಂದು ಲೀಗ್‌ಗೆ 30 ಮತ, ಊರಿಗೆ ಇಬ್ಬರಂತೆ. 2010ರಿಂದ ಐದು ಹೆಸರು ಬರೆಯಬೇಕು, ಅಂಕ 7, 4, 3, 2, 1. ಅದಕ್ಕೆ ಮೊದಲು ಮೂರೇ ಹೆಸರು, 5, 3, 1. ಯಾರು ಯಾರಿಗೆ ಹಾಕಿದರು ಅನ್ನೋದನ್ನು ಪತ್ರಕರ್ತರ ಸಂಘವೇ ಪ್ರಕಟಿಸುತ್ತದೆ. ಅದಕ್ಕೇ ನನ್ನಂಥವರಿಗೂ ಎಣಿಸಲು ಆಗುತ್ತದೆ.

ಈಗ ಆ 2016ಕ್ಕೆ ಬರೋಣ. ಗೆದ್ದವರು ಬಾಸ್ಟನ್‌ನ ರಿಕ್ ಪೋರ್ಸೆಲೊ, 137 ಅಂಕ; ವರ್ಲ್ಯಾಂಡರ್ 132. ಮೊದಲ ಸ್ಥಾನದ ಮತ ವರ್ಲ್ಯಾಂಡರ್‌ಗೆ 14, ಪೋರ್ಸೆಲೊಗೆ 8. ಆದರೆ ಪೋರ್ಸೆಲೊಗೆ ಎರಡನೇ ಸ್ಥಾನದ ಮತ 18 ಬಂದಿತ್ತು. ವರ್ಲ್ಯಾಂಡರ್ ಹೆಸರು ಬಿಟ್ಟ ಆ ಇಬ್ಬರು ಪತ್ರಕರ್ತರ ಮತಪತ್ರದಲ್ಲಿ ಅವರಿಗೆ ಬೇರೆ ಬೇರೆ ಅಂಕ ಹಾಕಿ ನೋಡಿದೆ. ಇಬ್ಬರೂ ನಾಲ್ಕನೇ ಸ್ಥಾನ ಕೊಟ್ಟಿದ್ದರೆ 136, ಆಗಲೂ ಪೋರ್ಸೆಲೊ. ಇಬ್ಬರೂ ಮೂರನೇ ಸ್ಥಾನ ಕೊಟ್ಟಿದ್ದರೆ 138, ಪ್ರಶಸ್ತಿ ವರ್ಲ್ಯಾಂಡರ್‌ಗೆ. ಲೀಗ್‌ನಲ್ಲೇ ಅತಿ ಹೆಚ್ಚು, 254 ಸ್ಟ್ರೈಕ್‌ಔಟ್ ಮಾಡಿದವರು ಐವರಲ್ಲೂ ಇಲ್ಲ ಅಂದರೆ ಹೇಗೆ? ಮೊದಲ ಸ್ಥಾನ ಕೊಡಬೇಡಿ, ಪರವಾಗಿಲ್ಲ. ಪೋರ್ಸೆಲೊ ಅವರ 22 ಗೆಲುವಿಗೆ ಮರುಳಾದರೂ ಅರ್ಥವಾಗುತ್ತದೆ. ಆದರೆ ಪೂರ್ತಿ ಕೈಬಿಟ್ಟದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ತಪ್ಪು ಅಂಕದ ಪದ್ಧತಿಯಲ್ಲೇ ಇದೆ ಅಂತ ಆಗ ನಂಬಿದ್ದೆ. ಹಳೆಯ 5, 3, 1ರಲ್ಲಿ ಲೆಕ್ಕ ಹಾಕಿದೆ. ವರ್ಲ್ಯಾಂಡರ್ 81ಕ್ಕೆ ನಿಂತರು. ಪೋರ್ಸೆಲೊಗೆ ಮೊದಲೆರಡು ಸ್ಥಾನಗಳಿಂದಲೇ 94. ಅಂತರ ಇನ್ನೂ ದೊಡ್ಡದಾಯಿತು! ಹೊಸ ಪದ್ಧತಿ ಮೊದಲ ಸ್ಥಾನಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಅದು ವರ್ಲ್ಯಾಂಡರ್‌ಗೆ ಸಹಾಯವನ್ನೇ ಮಾಡಿತ್ತು. ಅಂದಿನಿಂದ ಪದ್ಧತಿಯನ್ನು ದೂರುವುದು ಬಿಟ್ಟೆ. ಈಗ ಒಂದೊಂದೇ ಮತಪತ್ರ ತೆಗೆದು ನೋಡುತ್ತೇನೆ.

ಹಾಗಂತ ನನಗಿಂತ ಬೇರೆ ಹೆಸರು ಬರೆದವರೆಲ್ಲ ತಪ್ಪು ಅಂತಲ್ಲ. 2021ರ ನ್ಯಾಷನಲ್ ಲೀಗ್ ನೋಡಿ. ಕಾರ್ಬಿನ್ ಬರ್ನ್ಸ್ 2.43 ಇಆರ್‌ಎ, 167 ಇನಿಂಗ್ಸ್. ಜ್ಯಾಕ್ ವೀಲರ್ 2.78, ಆದರೆ 213 ಇನಿಂಗ್ಸ್. ಇಬ್ಬರಿಗೂ ಮೊದಲ ಸ್ಥಾನದ ಮತ 12. ಕೊನೆಗೆ ಗೆದ್ದವರು ಬರ್ನ್ಸ್, 151ಕ್ಕೆ 141. ನಾನು ವೀಲರ್ ಹೆಸರು ಬರೆದಿದ್ದೆ, 46 ಇನಿಂಗ್ಸ್ ಸಣ್ಣದಲ್ಲ ಅಂತ. ನನ್ನ ಹೆಂಡತಿ ಅದೇ ಹೆಸರಿಲ್ಲದ ಹಾಳೆ ನೋಡಿ ಬರ್ನ್ಸ್ ಸಾಲನ್ನು ಆರಿಸಿದಳು. ಕಾರಣ ಕೇಳಿದೆ. "ಇವರು ಬ್ಯಾಟಿಗೆ ಸಿಗೋದೇ ಇಲ್ವಲ್ಲ" ಅಂದಳು. ಅವಳ ಹಾಳೆಯಲ್ಲಿ ವೀಲರ್ ಎರಡನೆಯವರು, ನನ್ನದರಲ್ಲಿ ಬರ್ನ್ಸ್ ಎರಡನೆಯವರು.