ತಿಂಗಳ ಕೊನೆಯಲ್ಲೂ ತಪ್ಪದಿರಲಿ ದಿನಾಂಕದ ಲೆಕ್ಕ

ಹಿಂದಿನ ತಿಂಗಳ ವರದಿಯನ್ನು ತಾನಾಗಿಯೇ ತಯಾರಿಸುವ ಸ್ಕ್ರಿಪ್ಟ್‌ಗಾಗಿ ಲಿನಕ್ಸ್‌ನ ಡೇಟ್ ಕಮಾಂಡ್‌ಗೆ ‘-1 ಮಂತ್’ ಎಂದು ಕೊಟ್ಟರೆ ಸಾಕೆಂದು ಹಲವರು ನಂಬುತ್ತಾರೆ. ತಿಂಗಳಿನ ಹೆಚ್ಚಿನ ದಿನಗಳಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಜುಲೈ 31ರಂದು ಅದೇ ಕಮಾಂಡ್ ಜುಲೈ 1 ಎನ್ನುತ್ತದೆ. ಅದು ಮೊದಲು ತಿಂಗಳನ್ನಷ್ಟೇ ಇಳಿಸಿ ‘ಜೂನ್ 31’ ಮಾಡಿಕೊಳ್ಳುತ್ತದೆ. ಜೂನ್‌ನಲ್ಲಿ ಇರುವುದೇ 30 ದಿನವಾದ್ದರಿಂದ ಹೆಚ್ಚಾದ ಒಂದು ದಿನವನ್ನು ಜುಲೈಗೆ ದಾಟಿಸುತ್ತದೆ. 2024ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಮಾರ್ಚ್ 2 ಬರುವುದೂ ಇದೇ ಕಾರಣದಿಂದ. ಮ್ಯಾಕ್‌ನ ಡೇಟ್ ಕಮಾಂಡ್ ಇದೇ ಲೆಕ್ಕಕ್ಕೆ ಫೆಬ್ರವರಿ 29 ಎಂಬ ಉತ್ತರ ಕೊಡುತ್ತದೆ. ಎರಡೂ ಕಡೆ ದೋಷದ ಸೂಚನೆ ಕಾಣಿಸದೆ ಇರುವುದೇ ನನಗೆ ಹೆಚ್ಚು ಆತಂಕದ ಸಂಗತಿ.

ಆದ್ದರಿಂದ ಮೊದಲು ಈ ತಿಂಗಳ 15ನೇ ತಾರೀಕನ್ನು ಹಿಡಿದು, ಅದರಿಂದ ಒಂದು ತಿಂಗಳು ಕಳೆಯಿರಿ. ತಿಂಗಳ ಕೊನೆಯ ದಿನವೇ ಬೇಕಿದ್ದರೆ ಮುಂದಿನ ತಿಂಗಳ 1ನೇ ತಾರೀಕಿನಿಂದ ಒಂದು ದಿನ ಹಿಂದೆ ಬನ್ನಿ.

ಎರಡನೆಯದಾಗಿ, ಗಂಟೆಯ ಪಕ್ಕದಲ್ಲೇ ಕೂಡಿಸುವ ಚಿಹ್ನೆ ಬರೆಯಬೇಡಿ. ‘2024-01-29 10:00 +2 ಡೇಸ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಜನವರಿ 31ರ ಬೆಳಿಗ್ಗೆ 10 ಗಂಟೆ ಬರಬೇಕಷ್ಟೆ? ಭಾರತೀಯ ಕಾಲಮಾನದ ಕಂಪ್ಯೂಟರಿನಲ್ಲಿ ಬರುವುದು ಜನವರಿ 30ರ ಮಧ್ಯಾಹ್ನ 1:30! ಗಂಟೆಯ ನಂತರದ ‘+2’ ಅನ್ನು ಡೇಟ್ ಕಮಾಂಡ್ ಕಾಲವಲಯವೆಂದು ಓದಿಕೊಂಡು, ಉಳಿದ ‘ಡೇಸ್’ ಪದಕ್ಕೆ ಒಂದೇ ದಿನ ಕೂಡಿಸುತ್ತದೆ. ಗಂಟೆಯ ಜೊತೆಗೆ ‘+0530’ ಎಂದು ನೀವೇ ಕಾಲವಲಯ ನಮೂದಿಸಿ, ಆಮೇಲೆ ‘+2 ಡೇಸ್’ ಬರೆದರೆ ಈ ಗೊಂದಲ ಇರುವುದಿಲ್ಲ.

ಎರಡು ದಿನಾಂಕಗಳ ನಡುವಿನ ದಿನಗಳನ್ನು ಎಣಿಸಲು ಸೆಕೆಂಡುಗಳ ವ್ಯತ್ಯಾಸವನ್ನು 24 ಗಂಟೆಗಳ ಸೆಕೆಂಡುಗಳಾದ 86,400ರಿಂದ ಭಾಗಿಸುವುದು ವಾಡಿಕೆ. ಸರ್ವರ್ ನ್ಯೂಯಾರ್ಕ್ ಕಾಲಮಾನದಲ್ಲಿದ್ದರೆ ಇದು ಕೈಕೊಡುತ್ತದೆ. ಅಲ್ಲಿ ಬೇಸಿಗೆ ಕಾಲಮಾನಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ 2024ರ ಮಾರ್ಚ್ 10ಕ್ಕೆ 23 ಗಂಟೆಗಳಷ್ಟೇ ಇದ್ದುದರಿಂದ, ಆ ದಿನದಿಂದ ಮರುದಿನಕ್ಕೆ ಪೂರ್ಣಾಂಕದ ಭಾಗಾಕಾರದಲ್ಲಿ ಸೊನ್ನೆ ದಿನ ಬರುತ್ತದೆ. ಎರಡೂ ದಿನಾಂಕಗಳನ್ನು, ಗಡಿಯಾರ ಹಿಂದೆ ಮುಂದೆ ಆಗದ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ಓದಿಸಿಯೇ ಕಳೆಯಿರಿ.

ಲಿನಕ್ಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್‌ನಲ್ಲಿ ತಿಂಗಳ ಸಂಖ್ಯೆಗೆ ಒಂದು ಕೂಡಿಸುವವರು 08, 09ರ ಮುಂದಿನ ಸೊನ್ನೆಯನ್ನು ತೆಗೆಯಬೇಕು. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಶ್ 8, 9 ಅಂಕಿಗಳೇ ಇಲ್ಲದ ಅಷ್ಟಮಾನ ಪದ್ಧತಿಯದೆಂದು ಭಾವಿಸುವುದರಿಂದ, ಜುಲೈವರೆಗೆ ಸರಿಯಾಗಿದ್ದ ಸ್ಕ್ರಿಪ್ಟ್ ಆಗಸ್ಟ್‌ನಲ್ಲಿ ನಿಂತುಹೋಗುತ್ತದೆ.

ಸ್ಕ್ರಿಪ್ಟನ್ನು ನಿಗದಿತ ಸಮಯಕ್ಕೆ ತಾನಾಗಿ ಓಡಿಸುವ ಕ್ರಾನ್‌ಗೆ ಒಪ್ಪಿಸುವ ಮೊದಲು ಜನವರಿ 31, ಫೆಬ್ರವರಿ 29, ಜುಲೈ 31ರ ದಿನಾಂಕಗಳನ್ನು ಕೊಟ್ಟು ಓಡಿಸಿ ನೋಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಜಿಎನ್‌ಯು ಡೇಟ್‌ನಲ್ಲಿ ‘--ಡೀಬಗ್’ ಆಯ್ಕೆಯನ್ನೂ ಸೇರಿಸಿದರೆ, ನೀವು ಬರೆದದ್ದರಲ್ಲಿ ಯಾವ ಭಾಗವನ್ನು ದಿನಾಂಕವೆಂದು, ಯಾವುದನ್ನು ಕಾಲವಲಯವೆಂದು ಅದು ಓದಿಕೊಂಡಿತು ಎಂಬುದು ಸಾಲುಸಾಲಾಗಿ ಪರದೆಯ ಮೇಲೆ ಕಾಣುತ್ತದೆ.