ಕಾಲೇಜಿನ ಲೈನ್‌ಮನ್ ಎನ್‌ಎಫ್‌ಎಲ್‌ಗೆ ಸಲ್ಲುತ್ತಾನಾ? ನಾನು ನೋಡುವ ರೀತಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡುತ್ತದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂದಿನ ಸಾಲಿನವನು ಆಫೆನ್ಸಿವ್ ಲೈನ್‌ಮನ್. ಅವನು ಎನ್‌ಎಫ್‌ಎಲ್‌ಗೆ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ಗೆ, ಸಲ್ಲುತ್ತಾನಾ ಅಂತ ಅಳೆಯಬೇಕು ಅಂದರೆ ಮೊದಲು ಚೆಂಡನ್ನು ಮರೆಯಿರಿ. ಸಾಲಿನ ಐವರಲ್ಲಿ ಒಬ್ಬನನ್ನು ಆರಿಸಿಕೊಂಡು ಇಡೀ ಪಂದ್ಯ ಅವನನ್ನೇ ನೋಡಿ. ಪ್ರತಿ ಆಟವನ್ನೂ, ಅಂದರೆ ಪಂದ್ಯದ ಒಂದೊಂದು ಪ್ಲೇಯನ್ನೂ, ವಿಡಿಯೊದಲ್ಲಿ ಎರಡು ಸಲ ಹಾಕಿ. ಮೊದಲ ಸಲ ಪಾದ, ಎರಡನೇ ಸಲ ಕೈ.

ಟ್ಯಾಕಲ್ ಸಾಲಿನ ತುದಿಯಲ್ಲಿ ನಿಲ್ಲುವವನು. ಪಾಸ್ ಇದ್ದರೆ, ಸ್ನ್ಯಾಪ್ ಆದ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ) ತಕ್ಷಣ ಹಿಂದಕ್ಕೆ ಜಾರುತ್ತಾನೆ. ಆಗ ಅವನ ಎರಡು ಹಿಮ್ಮಡಿ ಒಂದಕ್ಕೊಂದು ತಾಕುತ್ತವಾ? ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎದುರಾಳಿ, ಅಂದರೆ ರಶರ್, ಹೊರಗಿನಿಂದ ಓಡಿ ಬಂದಾಗ ಗಾಬರಿಯಿಂದ ಬೇಗ ಭುಜ ತಿರುಗಿಸಿಬಿಡುತ್ತಾನಾ? ತಿರುಗಿಸಿದರೆ ಒಳಗಿನ ದಾರಿ ಖಾಲಿ. ಕಾಲೇಜಿನ ರಶರ್ ಅದನ್ನು ಗಮನಿಸದೆ ಹೋಗಬಹುದು, ಎನ್‌ಎಫ್‌ಎಲ್‌ನವನು ಬಿಡುವುದಿಲ್ಲ. ಹಾಗಾಗಿ ಸ್ಯಾಕ್ (ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಬೀಳಿಸುವುದು) ಆಗದಿದ್ದರೂ ಅದನ್ನು ನಾನು ತಪ್ಪು ಅಂತಲೇ ಬರೆದುಕೊಳ್ಳುತ್ತೇನೆ.

ಆಮೇಲೆ ಬುಲ್ ರಶ್. ಎದುರಾಳಿ ನೇರ ಎದೆಗೇ ನುಗ್ಗುತ್ತಾನೆ. ಒಂದೆರಡು ಹೆಜ್ಜೆ ಹಿಂದೆ ಹೋಗುವುದು ಸಹಜ. ಎಲ್ಲಿ ನಿಲ್ಲುತ್ತಾನೆ, ಹೇಗೆ ನಿಲ್ಲುತ್ತಾನೆ ಅನ್ನುವುದು ಮುಖ್ಯ. ಮೈಸೂರಿನ ಗರಡಿಗಳಲ್ಲಿ ಕುಸ್ತಿ ನೋಡಿ ಬೆಳೆದ ನನಗೆ ಇದು ಬೇಗ ಕಾಣುತ್ತದೆ. ಪೈಲ್ವಾನ ಮಂಡಿ ಬಗ್ಗಿಸಿ ಸೊಂಟ ಇಳಿಸಿದ ಹಾಗೆ ಇವನೂ ಇಳಿಸಬೇಕು. ಅದು ಬಿಟ್ಟು ಮುಂದಕ್ಕೆ ಬಾಗಿ ತಲೆ ಕೊಟ್ಟರೆ, ಎದುರಾಳಿ ತೋಳು ಹಿಡಿದೆಳೆದು ಪಕ್ಕಕ್ಕೆ ಬೀಳಿಸುತ್ತಾನೆ. ಟ್ಯಾಕಲ್ ಟ್ರಿಸ್ಟನ್ ವರ್ಫ್ಸ್ ಹೈಸ್ಕೂಲಿನಲ್ಲಿ ಅಯೋವಾ ರಾಜ್ಯದ ಕುಸ್ತಿ ಚಾಂಪಿಯನ್. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2020ರಲ್ಲಿ, 13ನೆಯವನಾಗಿ ಟ್ಯಾಂಪಾ ಬೇ ತಂಡಕ್ಕೆ ಹೋದ. ಅವನ ಕಾಲೇಜು ಟೇಪ್ (ಪಂದ್ಯಗಳ ವಿಡಿಯೊ) ಸಿಕ್ಕರೆ ಆ ಸೊಂಟವನ್ನೇ ನೋಡಿ.

ಸುಮ್ನೆ ಯಾವುದೋ ಪಂದ್ಯ ಹಾಕಿಕೊಂಡು ಕೂರಬೇಡಿ. ಎದುರಿಗೆ ಒಳ್ಳೆಯ ರಶರ್ ಇರಬೇಕು. 2019ರ ಅಕ್ಟೋಬರ್‌ನಲ್ಲಿ ಓಹಿಯೋ ಸ್ಟೇಟ್ ತಂಡ ನಾರ್ತ್‌ವೆಸ್ಟರ್ನ್ ತಂಡವನ್ನು 52-3ರಿಂದ ಸೋಲಿಸಿತು. ಸ್ಕೋರ್ ನೋಡಿದರೆ ಸೋತವರಲ್ಲಿ ನೋಡುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅವರ ಲೆಫ್ಟ್ ಟ್ಯಾಕಲ್ ರಶಾನ್ ಸ್ಲೇಟರ್ ಅವತ್ತು ಎದುರಿಸಿದ್ದು ಚೇಸ್ ಯಂಗ್‌ನನ್ನು. ಆ ಸೀಸನ್‌ನಲ್ಲಿ ದೇಶದಲ್ಲೇ ಅತಿ ಹೆಚ್ಚು ಸ್ಯಾಕ್ ಮಾಡಿದವನು ಯಂಗ್. ನಾನು ಯಂಗ್‌ನ ಆಟ ನೋಡಲು ಕೂತವನು, ನೋಡಿದ್ದು ಸ್ಲೇಟರ್‌ನ ಪಾದಗಳನ್ನು. ಎಷ್ಟು ಸಮಾಧಾನದ ಹೆಜ್ಜೆ! 2020ರ ಸೀಸನ್ ಪೂರ್ತಿ ಅವನು ಆಡಲೇ ಇಲ್ಲ. ಆದರೂ 2021ರಲ್ಲಿ ಚಾರ್ಜರ್ಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಂಡಿತು.

ಕಾಲೇಜಿನ ನಿಯಮವೂ ಕಣ್ಣಿಗೆ ಮೋಸ ಮಾಡುತ್ತದೆ. ಅಲ್ಲಿ ಪಾಸ್ ಹೋಗುವ ಮುಂಚೆ ಲೈನ್‌ಮನ್ 3 ಯಾರ್ಡ್ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಹಾಗಾಗಿ ಕಾಲೇಜಿನ ಎಷ್ಟೋ ಪಾಸ್‌ಗಳಲ್ಲಿ ಇವನು ರನ್ ಬ್ಲಾಕ್ (ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡುವುದು) ಮಾಡುತ್ತಿರುತ್ತಾನೆ, ಚೆಂಡು ಆಗಲೇ ಕೈಬಿಟ್ಟಿರುತ್ತದೆ. ಅಂಥವನ್ನು ಪಾಸ್ ರಕ್ಷಣೆಯ ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ಡೌನ್ (10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ 8-10 ಯಾರ್ಡ್ ಬೇಕು, ಪಾಸ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆ ಆಟಗಳನ್ನೇ ಒಟ್ಟುಗೂಡಿಸಿ ನೋಡಿ. ಎದುರಾಳಿಗಳು ಜಾಗ ಅದಲುಬದಲು ಮಾಡಿಕೊಂಡು ನುಗ್ಗುವ ಸ್ಟಂಟ್ ಕೂಡ ಆಗಲೇ ಜಾಸ್ತಿ. ತನ್ನವನನ್ನು ಪಕ್ಕದಲ್ಲೇ ಒಳಗೆ ನಿಲ್ಲುವ ಗಾರ್ಡ್‌ಗೆ ಒಪ್ಪಿಸಿ ಹೊಸಬನನ್ನು ಹಿಡಿಯುತ್ತಾನಾ, ಇಲ್ಲಾ ಹಳಬನ ಹಿಂದೆಯೇ ಹೋಗುತ್ತಾನಾ ನೋಡಿ.

ಅಳತೆಗಳು ಆಮೇಲೆ. ಟ್ಯಾಕಲ್‌ಗೆ ಉದ್ದ ತೋಳು ಬೇಕು, ಸುಮಾರು 33 ಇಂಚಿಗಿಂತ ಕಡಿಮೆಯಾದರೆ ತಂಡಗಳು ಯೋಚನೆ ಮಾಡುತ್ತವೆ. ನಾಟರ್ ಡೇಮ್ ಕಾಲೇಜಿನಲ್ಲಿ ಟ್ಯಾಕಲ್ ಆಗಿದ್ದ ಝ್ಯಾಕ್ ಮಾರ್ಟಿನ್, ಎನ್‌ಎಫ್‌ಎಲ್‌ನ ಕೌಬಾಯ್ಸ್ ತಂಡದಲ್ಲಿ ಗಾರ್ಡ್ ಆಗಿ ಮೆರೆದ. ಹಾಗಾಗಿ ಗಿಡ್ಡ ತೋಳಿನ ಹುಡುಗನ ಹೆಸರು ಹೊಡೆದುಹಾಕಬೇಡಿ, ಪಕ್ಕದಲ್ಲಿ 'ಗಾರ್ಡ್?' ಅಂತ ಬರೆಯಿರಿ. 2018ರ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚೆ ನಡೆಯುವ ದೈಹಿಕ ಪರೀಕ್ಷೆ) ಟ್ಯಾಕಲ್ ಒರ್ಲ್ಯಾಂಡೋ ಬ್ರೌನ್ 40 ಯಾರ್ಡ್ ಓಡಲು 5.85 ಸೆಕೆಂಡ್ ತೆಗೆದುಕೊಂಡ, ಮೂರನೇ ಸುತ್ತಿಗೆ ಜಾರಿದ. ಮುಂದೆ ನಾಲ್ಕು ಸಲ ಎನ್‌ಎಫ್‌ಎಲ್‌ನ ತಾರೆಯರ ಪ್ರೊ ಬೌಲ್‌ಗೆ ಆಯ್ಕೆಯಾದ. ಓಟದ ಅಂಕಿ ಟೇಪ್‌ಗೆ ಹೊಂದದಿದ್ದರೆ ಇನ್ನೊಮ್ಮೆ ಟೇಪ್ ನೋಡಿ.

ಜನವರಿ ಕೊನೆಯ ಹೊತ್ತಿಗೆ ಅಲಬಾಮಾದ ಮೊಬೀಲ್‌ನಲ್ಲಿ ಸೀನಿಯರ್ ಬೌಲ್ (ಡ್ರಾಫ್ಟ್‌ಗೆ ಹೋಗುವ ಕಾಲೇಜು ಆಟಗಾರರ ಪ್ರದರ್ಶನ ಪಂದ್ಯ) ಅಭ್ಯಾಸ ನಡೆಯುತ್ತದೆ. ಅಲ್ಲಿ ಒಬ್ಬನಿಗೊಬ್ಬ ಎದುರಾಗುವ ಡ್ರಿಲ್ ರಶರ್‌ಗೇ ಅನುಕೂಲ, ಲೈನ್‌ಮನ್‌ಗೆ ಪಕ್ಕದವನ ಸಹಾಯ ಇರುವುದಿಲ್ಲ. ಒಂದು ಸಲ ಸೋತ ಅಂತ ಕೈಬಿಡಬೇಡಿ. ಅದೇ ರಶರ್ ಮತ್ತೆ ಎದುರಾದಾಗ ಇವನು ಕೈ ಇಡುವ ಜಾಗ ಬದಲಾಯಿಸಿದನಾ ಅಂತ ನೋಡಿ.