ಮನೆಯ ಅರ್ಥಿಂಗ್‌ನಿಂದ ಮಡಿಕೇರಿ ಘಾಟಿಯವರೆಗೆ: ವಿದ್ಯುತ್ ಕಾರಿನ ಚಾರ್ಜಿಂಗ್

ವಿದ್ಯುತ್ ಕಾರು ಕೊಳ್ಳಬೇಕೆಂದಿರುವ ಪರಿಚಿತರು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕೇಳುತ್ತಾರೆ. ನಾನು ಅವರ ಮನೆಯ ಅರ್ಥಿಂಗ್ ಹೇಗಿದೆ ಎಂದು ಕೇಳುತ್ತೇನೆ. ಮೈಸೂರಿನ ನಮ್ಮ ಮನೆಯಲ್ಲಿ 40.5 ಯೂನಿಟ್ ಬ್ಯಾಟರಿಯ ಕಾರನ್ನು ಬಳಸುತ್ತಾ ಬಂದ ಮೇಲೆ, ಮನೆಯ ವೈರಿಂಗ್ ಗಟ್ಟಿಯಾಗಿದ್ದರೆ ಉಳಿದ ಮುಕ್ಕಾಲು ಪಾಲು ಚಿಂತೆ ತಾನಾಗಿಯೇ ಕಳೆಯುತ್ತದೆ ಎಂಬುದು ನನಗೆ ಖಚಿತವಾಗಿದೆ.

ಕಾರಿನ ಜೊತೆ ಬರುವ ಚಾರ್ಜರ್ 3.3 ಕಿಲೋವ್ಯಾಟ್‌ನದು, 230 ವೋಲ್ಟ್‌ನಲ್ಲಿ ಅದು 14 ಆಂಪಿಯರ್‌ಗಿಂತ ತುಸು ಹೆಚ್ಚು ಎಳೆಯುತ್ತದೆ. 3 ಕಿಲೋವ್ಯಾಟ್‌ನ ಗೀಸರ್ ಕೂಡ ಹತ್ತಿರಹತ್ತಿರ ಅಷ್ಟೇ ಎಳೆಯುತ್ತದೆಯಾದರೂ ಅದು ಅರ್ಧ ಗಂಟೆಯೊಳಗೆ ಆಫ್ ಆಗುತ್ತದೆ, ಕಾರು ಮಾತ್ರ ರಾತ್ರಿಯಿಡೀ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ ಬೇರೆ ಯಾವುದಕ್ಕೂ ಸೇರದ 4 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿ, ಅದಕ್ಕೆಂದೇ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಮತ್ತು ಒಳ್ಳೆಯ ಗುಣಮಟ್ಟದ 16 ಆಂಪಿಯರ್ ಸಾಕೆಟ್ ಹಾಕಿಸಿದೆ. ಚಾರ್ಜ್ ಆರಂಭವಾಗಿ ಒಂದು ಗಂಟೆಯಾದ ಮೇಲೆ ಪ್ಲಗ್‌ನ ಹೊರಮೈ ಮುಟ್ಟಿ ನೋಡುವ ಅಭ್ಯಾಸವನ್ನು ಈಗಲೂ ಬಿಟ್ಟಿಲ್ಲ. ಬೆಚ್ಚಗಿದ್ದರೆ ಸರಿ, ಸುಡುವಂತಿದ್ದರೆ ಒಳಗೆ ಎಲ್ಲೋ ಸ್ಕ್ರೂ ಸಡಿಲವಾಗಿದೆ ಎಂದೇ ಅರ್ಥ. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಕಾರು ಚಾರ್ಜ್ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ರಾತ್ರಿ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತಿತು. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವಿನ ವೋಲ್ಟೇಜ್ ಅಳೆದರು. ಒಂದೆರಡು ವೋಲ್ಟ್ ಇರಬೇಕಾದ ಕಡೆ ಅದು ಹತ್ತನ್ನೂ ದಾಟಿತ್ತು. ಮನೆ ಕಟ್ಟಿದಾಗ ಹಾಕಿದ್ದ ಅರ್ಥ್ ಪಿಟ್‌ನಲ್ಲಿ ತಂತಿಯ ಜಾಯಿಂಟ್ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಫ್ರಿಜ್, ಮಿಕ್ಸಿಗಳು ಅದನ್ನು ಲೆಕ್ಕಿಸದೆ ಓಡುತ್ತಿದ್ದವು, ಕಾರಿನ ಚಾರ್ಜರ್ ಒಪ್ಪಲಿಲ್ಲ. ಹೊಸ ಪಿಟ್ ತೋಡಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಬೇಸಿಗೆಯಲ್ಲಿ ಮಾತ್ರ ಅದಕ್ಕೆ ಆಗಾಗ ನೀರು ಹಾಕುತ್ತೇನೆ.

7.2 ಕಿಲೋವ್ಯಾಟ್‌ನ ಗೋಡೆಯ ಚಾರ್ಜರ್ ಬೇಡವೆಂದು ನಿರ್ಧರಿಸಿದೆ. ಅದಕ್ಕೆ ಇನ್ನೂ ದಪ್ಪ ತಂತಿ ಬೇಕು, ಮನೆಗೆ ಮಂಜೂರಾದ ವಿದ್ಯುತ್ ಲೋಡ್ ಏರಿಸಬೇಕು, ಏರಿಸಿದಷ್ಟೂ ಪ್ರತಿ ತಿಂಗಳು ನಿಗದಿತ ಶುಲ್ಕ ಹೆಚ್ಚುತ್ತದೆ. ರಾತ್ರಿ ಒಂಬತ್ತು ಗಂಟೆ ಕಾಲ ಸಣ್ಣ ಚಾರ್ಜರ್ ಹಾಕಿದರೆ ಸುಮಾರು 27 ಯೂನಿಟ್ ಬ್ಯಾಟರಿಗೆ ಸೇರುತ್ತದೆ, ಯೂನಿಟ್‌ಗೆ 7 ಕಿಲೋಮೀಟರ್‌ನಂತೆ ಲೆಕ್ಕ ಹಾಕಿದರೂ ಅದು 180 ಕಿಲೋಮೀಟರ್ ಮೀರುತ್ತದೆ. ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಹೆಚ್ಚು ಏಕೆ ಬೇಕು? ಒಂದು ಸಂಗತಿ ಮಾತ್ರ ಮೊದಲೇ ತಿಳಿದಿರಲಿ: ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಕಾರೊಂದೇ 150–160 ಯೂನಿಟ್ ತೆಗೆದುಕೊಳ್ಳುವುದರಿಂದ, ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗಬಹುದು. ಹಾಗೆ ಕಟ್ಟಿದರೂ ಹೆದ್ದಾರಿಯ ಫಾಸ್ಟ್ ಚಾರ್ಜರ್‌ನ ದರಕ್ಕೆ ಹೋಲಿಸಿದರೆ ಮನೆಯ ಕರೆಂಟ್ ಬಹಳ ಅಗ್ಗ.

ಹೊರಗಿನ ಚಾರ್ಜಿಂಗ್ ನನಗೆ ದೂರದ ಪ್ರಯಾಣಕ್ಕೆ ಮಾತ್ರ ಬೇಕಾಗುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಆಪ್, ಒಂದೊಂದು ವ್ಯಾಲೆಟ್. ಹೊರಡುವ ಹಿಂದಿನ ದಿನವೇ ಹಣ ತುಂಬಿಸಿಡದಿದ್ದರೆ ಸಿಗ್ನಲ್ ಇಲ್ಲದ ಕಡೆ ಒದ್ದಾಡಬೇಕಾಗುತ್ತದೆ. ಆಪ್‌ನಲ್ಲಿ ಹಸಿರು ಗುರುತು ಕಂಡರೂ ನಾನು ನಂಬುವುದಿಲ್ಲ, ಚಾರ್ಜರ್ ಇರುವ ಹೋಟೆಲಿಗೆ ಫೋನ್ ಮಾಡಿ ಕೇಳುತ್ತೇನೆ. "ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಸಾರ್, ಮುಂದಿನ ಬಂಕ್‌ನಲ್ಲಿ ನೋಡಿ" ಎಂಬ ಉತ್ತರ ಎಷ್ಟೋ ಸಲ ನನ್ನ ಒಂದು ಗಂಟೆ ಉಳಿಸಿದೆ. ಇದೇ ಕಾರಣಕ್ಕೆ ಬ್ಯಾಟರಿ ಶೇ. 20ಕ್ಕಿಂತ ಕೆಳಗೆ ಇಳಿಯುವ ಮೊದಲೇ, ಇನ್ನೊಂದು ಚಾರ್ಜರ್ ತಲುಪುವಷ್ಟು ಉಳಿಸಿಕೊಂಡು ನಿಲ್ಲಿಸುತ್ತೇನೆ. ಎರಡು ಗನ್ನುಗಳ (ಕಾರಿಗೆ ಸಿಕ್ಕಿಸುವ ಪ್ಲಗ್‌ಗಳ) 60 ಕಿಲೋವ್ಯಾಟ್ ಚಾರ್ಜರ್‌ಗೆ ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಸಾಮಾನ್ಯವಾಗಿ ಶಕ್ತಿ ಹಂಚಿಹೋಗುತ್ತದೆ ಎಂಬುದನ್ನೂ ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಶೇ. 80 ದಾಟಿದ ಮೇಲೆ ಬ್ಯಾಟರಿಯನ್ನು ಕಾಪಾಡಲು ಕಾರೇ ಕರೆಂಟ್ ತಗ್ಗಿಸುವುದರಿಂದ ಕೊನೆಯ ಭಾಗಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿಗೇ ನಿಲ್ಲಿಸಿ, ಕಾಯುತ್ತಿರುವವರಿಗೆ ಜಾಗ ಬಿಟ್ಟು ಹೊರಡುವುದು ಒಳ್ಳೆಯದು.

ಮೈಸೂರಿನಿಂದ ಮಡಿಕೇರಿ ದಾರಿಯಾಗಿ ಮಂಗಳೂರಿಗೆ ಹೋಗುವಾಗ ಲೆಕ್ಕ ಸ್ವಲ್ಪ ಬೇರೆ. ಮಡಿಕೇರಿಯಲ್ಲಿ ಪೂರ್ತಿ ತುಂಬಿಸಿಕೊಂಡರೆ, ಸಂಪಾಜೆಗೆ ಇಳಿಯುವಾಗ ಮೋಟಾರು ಮರಳಿ ಉತ್ಪಾದಿಸುವ ವಿದ್ಯುತ್ತನ್ನು ತೆಗೆದುಕೊಳ್ಳಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ, ಆಗ ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಹಿಂದಿರುಗುವಾಗ, ಜನ ಕುಳಿತ 1,600 ಕಿಲೋ ತೂಕದ ಕಾರನ್ನು ಸುಮಾರು ಸಾವಿರ ಮೀಟರ್ ಮೇಲೆತ್ತಲು ರಸ್ತೆಯ ಖರ್ಚಿನ ಜೊತೆಗೆ 4.4 ಯೂನಿಟ್ ಬೇಕು, ಮೋಟಾರಿನಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಐದರ ಹತ್ತಿರ ಬರುತ್ತದೆ. ಆದ್ದರಿಂದ ಆ ದಿಕ್ಕಿನಲ್ಲಿ ಬರುವಾಗ ಘಾಟಿ ಹತ್ತುವ ಮೊದಲು, ಪುತ್ತೂರು–ಸುಳ್ಯದ ಆಸುಪಾಸಿನಲ್ಲೇ ಊಟಕ್ಕೆ ನಿಂತು ಚಾರ್ಜ್ ಮಾಡಿಕೊಳ್ಳುತ್ತೇನೆ.